ಗೋಲಿಯ ಹೊಕ್ಕಳು: ಹಳೆಯದು ಯಾವುದು, ಹಳೆಯದರ ವೇಷ ಹಾಕಿದ್ದು ಯಾವುದು?

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, ಅಕ್ಕಿಕಾಳು ಎಳೆಯುವ ತಾಮ್ರದ ಚೊಂಬು, ಎರಡು ತಲೆ ಹಾವು. ‘ಲಕ್ಷಗಟ್ಟಲೆ ಬರುತ್ತೆ’ ಎಂಬ ಮಾತಿನ ಬೆನ್ನಿಗೆ ನಮ್ಮ ಊರುಗಳಿಗೆ ಬಂದುಹೋದ ವಸ್ತುಗಳ ಪಟ್ಟಿ ಉದ್ದವಿದೆ. ಈಗ ಅದಕ್ಕೆ ಗಾಜಿನ ಗೋಲಿಯೂ ಸೇರಿದೆ. ‘ನಿಮ್ಮ ಅಟ್ಟದಲ್ಲಿ ಹಳೇ ಗೋಲಿ ಇದೆಯೇ? ಒಳಗೆ ಬಣ್ಣದ ಸುರುಳಿ ಇದ್ದರೆ ಫೋಟೊ ಕಳಿಸಿ’ ಎಂಬ ಸಂದೇಶ ನಮ್ಮ ಮೊಬೈಲುಗಳಿಗೂ ಬಂತು. ಫೋಟೊ ಕಳಿಸಿದವರಿಗೆ ಮುಂದೆ ಏನಾಗುತ್ತದೆ ಎಂಬುದನ್ನು ನವುಲೆಯ ಒಂದು ಮನೆಯಲ್ಲಿ ಹತ್ತಿರದಿಂದ ನೋಡಿದ್ದೇವೆ. ಆ ವಿಷಯಕ್ಕೆ ಆಮೇಲೆ ಬರುತ್ತೇವೆ.

ಈ ಸುಳ್ಳು ಓಡುವುದಕ್ಕೆ ಕಾರಣ, ಅದರೊಳಗೆ ಒಂದು ಚೂರು ನಿಜ ಇರುವುದು. 19ನೇ ಶತಮಾನದಲ್ಲಿ ಕೈಯಿಂದ ಮಾಡಿದ ಗಾಜಿನ ಗೋಲಿಗಳನ್ನು ಹುಡುಕಿ ಕೊಳ್ಳುವವರು ಅಮೆರಿಕ, ಯುರೋಪುಗಳಲ್ಲಿ ಇದ್ದಾರೆ. ಅಪರೂಪದವುಗಳಿಗೆ ಒಳ್ಳೆಯ ಬೆಲೆಯೂ ಇದೆ. ಬೆಲೆ ಇರುವ ಕಡೆ ನಕಲು ಇರುತ್ತದೆ. ಹಾಗಾಗಿ ಗೋಲಿ ನಿಜವಾಗಿ ಹಳೆಯದೋ, ಹಳೆಯ ಮಾದರಿಯಲ್ಲಿ ಮೊನ್ನೆ ಮಾಡಿದ್ದೋ ಎಂದು ತಿಳಿಯುವ ವಿದ್ಯೆಯೂ ಬೆಳೆದಿದೆ. ಆ ವಿದ್ಯೆ ಕಷ್ಟದ್ದಲ್ಲ. ಆದರೆ ಗೋಲಿಯ ಚರಿತ್ರೆ ಗೊತ್ತಿಲ್ಲದೆ ಅದು ಕೈಗೆ ಹತ್ತುವುದಿಲ್ಲ. ಆದ್ದರಿಂದ ಮೊದಲು ಚರಿತ್ರೆ.

ಗಾಜಿಗೂ ಮೊದಲು

ಮಲೆನಾಡಿನ ಮಕ್ಕಳಿಗೆ ಗಾಜಿನ ಗೋಲಿ ಸಿಗುವ ಮೊದಲೂ ಆಟ ಇತ್ತು. ಬೇಲಿಯಲ್ಲಿ ಬೆಳೆಯುವ ಗಜ್ಜುಗದ ಕಾಯಿ ಒಣಗಿದರೆ ಒಳಗೆ ಬೂದು ಬಣ್ಣದ, ಕಲ್ಲಿನಷ್ಟು ಗಟ್ಟಿಯಾದ ಬೀಜ. ಅದೇ ಗೋಲಿ. ಕೆರೆಯ ಜೇಡಿಮಣ್ಣನ್ನು ಉಂಡೆ ಕಟ್ಟಿ ಒಲೆಯ ಕೆಂಡದಲ್ಲಿ ಸುಟ್ಟರೆ ಇನ್ನೊಂದು ಗೋಲಿ. ಉಪಖಂಡದಲ್ಲಿ ಇದು ಬಹಳ ಹಳೆಯ ಆಟ. ಮೊಹೆಂಜೊದಾರೊ, ಹರಪ್ಪಾಗಳ ಅಗೆತದಲ್ಲಿ ಕಲ್ಲಿನ, ಸುಟ್ಟ ಮಣ್ಣಿನ ಚಿಕ್ಕ ಚಿಕ್ಕ ಗುಂಡುಗಳು ಸಿಕ್ಕಿವೆ.

ಗಾಜು ಕೂಡ ನಮಗೆ ಪರದೇಶದಿಂದ ಬಂದ ಹೊಸ ವಸ್ತುವಲ್ಲ. ದಕ್ಷಿಣ ಭಾರತದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಕರಗಿದ ಗಾಜನ್ನು ಉದ್ದನೆಯ ಟೊಳ್ಳು ಕೋಲಾಗಿ ಎಳೆದು, ಕತ್ತರಿಸಿ, ಮಣಿ ಮಾಡುತ್ತಿದ್ದರು. ಪುದುಚೇರಿ ಬಳಿಯ ಅರಿಕಮೇಡು ಅದರ ಹೆಸರಾಂತ ನೆಲೆ. ಆಂಧ್ರದ ಹಳೆಯ ಚಿತ್ತೂರು ಜಿಲ್ಲೆಯ ಪಾಪಾನಾಯುಡುಪೇಟೆಯಲ್ಲಿ ಅದೇ ಕ್ರಮ ನಮ್ಮ ಕಾಲದವರೆಗೂ ಉಳಿದು ಬಂತು.

ನಮಗೆ ಇನ್ನೂ ಹತ್ತಿರದ್ದು ಹೊಸದುರ್ಗ ತಾಲ್ಲೂಕಿನ ಮತ್ತೋಡು. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಅಲ್ಲಿನ ಗಾಜಿನ ಕೆಲಸವನ್ನು ವಿವರಿಸಿದ್ದಾನೆ. ಬಳೆಗಾಗಿ ಅಲ್ಲಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಐದು ಬಣ್ಣದ ಗಾಜು ಆಗುತ್ತಿತ್ತು. ಚೌಳು ಮಣ್ಣು, ಬೆಣಚುಕಲ್ಲು ಎಲ್ಲ ಅಲ್ಲಿಯದೇ. 19ನೇ ಶತಮಾನದ ಕೊನೆಗೆ ಬೊಹೆಮಿಯಾದ, ಆಮೇಲೆ ಜಪಾನಿನ ಅಗ್ಗದ ಬಳೆಗಳು ಹಡಗಿನಲ್ಲಿ ಬಂದು ಭಾರತದ ಮಾರುಕಟ್ಟೆ ತುಂಬಿದವು. ನಮ್ಮ ಹಳ್ಳಿಯ ಕುಲುಮೆಗಳು ಅದರ ಮುಂದೆ ನಿಲ್ಲಲಿಲ್ಲ. ಇದನ್ನು ನೆನಪಿಡಬೇಕು: ಗಾಜು ಮಾಡುವ ಕೈ ನಮ್ಮಲ್ಲೂ ಇತ್ತು, ಆದರೆ ಅದು ತಿರುಗಿದ್ದು ಬಳೆಯ ಕಡೆಗೆ. ಬಣ್ಣದ ಸುರುಳಿಯ ಗೋಲಿ ಹುಟ್ಟಿದ್ದು ಬೇರೆ ಕಡೆ.

ಲೌಷಾದ ಕತ್ತರಿ

ಜರ್ಮನಿಯ ತುರಿಂಗಿಯಾ ಸೀಮೆಯ ಕಾಡಿನೊಳಗೆ ಲೌಷಾ ಎಂಬ ಪುಟ್ಟ ಊರಿದೆ. ಸೌದೆ, ಮರಳು ಎರಡೂ ಕೈಗೆ ಸಿಗುತ್ತಿದ್ದುದರಿಂದ ಅದು ಗಾಜಿನವರ ಊರಾಯಿತು. 1840ರ ದಶಕದ ನಡುವಿನಲ್ಲಿ ಅಲ್ಲಿನ ಗ್ರೈನರ್ ಮನೆತನದ ಕೆಲಸಗಾರನೊಬ್ಬ ಒಂದು ವಿಶೇಷ ಕತ್ತರಿ ಮಾಡಿದ. ಅದರ ಒಂದು ತುದಿಯಲ್ಲಿ ಅರ್ಧಗೋಲದ ಬಟ್ಟಲು, ಇನ್ನೊಂದರಲ್ಲಿ ಕತ್ತರಿಸುವ ಅಲಗು. ಹತ್ತಾರು ಬಣ್ಣದ ಗಾಜಿನ ಎಳೆಗಳನ್ನು ತಿಳಿಗಾಜಿನೊಳಗೆ ಜೋಡಿಸಿ, ಕಾಯಿಸಿ, ಹಗ್ಗ ಹೊಸೆದಂತೆ ತಿರುಚುತ್ತ ಕೋಲಾಗಿ ಎಳೆಯುವುದು. ಬಿಸಿ ಇರುವಾಗಲೇ ಕೋಲಿನ ತುದಿಯನ್ನು ಬಟ್ಟಲಿಗೆ ಇಟ್ಟು ತಿರುಗಿಸಿ ದುಂಡು ಮಾಡುವುದು, ಅಲಗಿನಿಂದ ಕತ್ತರಿಸುವುದು. ಮತ್ತೆ ಮುಂದಿನದು.

ಹೀಗೆ ಕತ್ತರಿಸಿದ ಪ್ರತಿ ಗೋಲಿಗೂ ಎರಡು ಕಡೆ ಗಾಯ ಇರುತ್ತದೆ. ಒಂದು, ಹಿಂದಿನ ಗೋಲಿ ಬಿಟ್ಟುಹೋದ ಕಡೆ. ಇನ್ನೊಂದು, ತಾನು ಕೋಲನ್ನು ಬಿಟ್ಟುಬಂದ ಕಡೆ. ಮಗುವಿನ ಹೊಕ್ಕಳಿನ ಹಾಗೆ ಇದು ಹುಟ್ಟಿನ ಗುರುತು. ಇಂಗ್ಲಿಷಿನಲ್ಲಿ ಪಾಂಟಿಲ್ ಎನ್ನುವುದನ್ನು ನಾವು ಈ ಲೇಖನದಲ್ಲಿ ‘ಹೊಕ್ಕಳು’ ಎಂದೇ ಕರೆಯುತ್ತೇವೆ. ಕೋಲಿನ ಮೊದಲ ಅಥವಾ ಕಡೆಯ ತುಂಡಿನಿಂದ ಆದ ಗೋಲಿಗೆ ಒಂದೇ ಹೊಕ್ಕಳು. ಅಂಥವು ಕಡಿಮೆ.

ಈ ಗೋಲಿಗಳಲ್ಲಿ ಬಗೆಗಳು ಹಲವು. ನಡುವೆ ಬಿಳಿ ಅಥವಾ ಹಳದಿ ಎಳೆಗಳ ಬಲೆ ಹೆಣೆದಂತೆ ಕಾಣುವುದು ಒಂದು. ನಡುವೆ ಗಟ್ಟಿ ಬಣ್ಣದ ತಿರುಳಿರುವುದು ಇನ್ನೊಂದು. ಈರುಳ್ಳಿ ಸಿಪ್ಪೆಯಂತೆ ಪದರ ಪದರ ಬಣ್ಣ ಚಿಮುಕಿಸಿದ್ದು ಮತ್ತೊಂದು. ಕೆಲವಕ್ಕೆ ಒಳಗೆ ಅಭ್ರಕದ ಚೂರು ಮಿನುಗುತ್ತದೆ. ದೊಡ್ಡ ತಿಳಿಗಾಜಿನ ಗೋಲಿಯೊಳಗೆ ಬಿಳಿ ಬಣ್ಣದ ನಾಯಿ, ಕುರಿ, ಹಕ್ಕಿಯ ಪುಟ್ಟ ಗೊಂಬೆ ಕೂರಿಸಿದವೂ ಇವೆ. ಕಪ್ಪು ಗಾಜಿನ ಮೇಲೆ ಬಣ್ಣದ ಪಟ್ಟೆ ಇರುವ ಒಂದು ಬಗೆಗೆ ಸಂಗ್ರಾಹಕರು ಇಟ್ಟ ಹೆಸರು ‘ಇಂಡಿಯನ್’. ಹೆಸರಿನಲ್ಲಿ ಇಂಡಿಯಾ ಇದ್ದರೂ ಅದು ಜರ್ಮನಿಯ ಮಾಲೇ. ‘ಇಂಡಿಯನ್ ಗೋಲಿ, ಅಂದರೆ ನಿಮ್ಮ ಊರಿನದು’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು.

ಉಕ್ಕಿನ ಗುಂಡಿನಿಂದ ಗಾಜಿನ ಗುಂಡಿಗೆ

ಕೈಗೋಲಿಯ ಕಾಲ ಮುಗಿಸಿದ್ದು ಒಂದು ಯಂತ್ರ. ಭದ್ರಾವತಿಯವರಿಗೆ ಅದರ ಕತೆ ಹಿಡಿಸಬೇಕು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ನೆಲೆಸಿದ ಮಾರ್ಟಿನ್ ಕ್ರಿಸ್ಟೆನ್ಸನ್ ಮೊದಲು ಕಂಡುಹಿಡಿದದ್ದು ಬೇರಿಂಗಿಗೆ ಬೇಕಾದ ಉಕ್ಕಿನ ಗುಂಡು ಮಾಡುವ ಯಂತ್ರ. ಗಾಡಿ ಕಟ್ಟಿದ ಸುತ್ತಿನ ಚಕ್ರಗಳ ನಡುವೆ ಉರುಳಿಸಿ ಉಕ್ಕನ್ನು ದುಂಡು ಮಾಡಬಹುದಾದರೆ ಗಾಜನ್ನೇಕೆ ಆಗದು? 1905ರಲ್ಲಿ ಗಾಜಿನ ಗುಂಡಿನ ಯಂತ್ರಕ್ಕೆ ಅವನಿಗೆ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗೋಲಿ ಅಮೆರಿಕಕ್ಕೆ ಬರುವುದು ನಿಂತಿತು. ಕ್ರಿಸ್ಟೆನ್ಸನ್ ಕಾರ್ಖಾನೆ 1917ರಲ್ಲಿ ಅನಿಲದ ಕೊರತೆಯಿಂದ ಬಾಗಿಲು ಹಾಕಿದರೂ, ಆಕ್ರೊ ಅಗೇಟ್ ಮುಂತಾದ ಕಂಪನಿಗಳು ಯಂತ್ರವನ್ನು ಮುಂದುವರಿಸಿದವು.

ಇಂದು ಎಲ್ಲೆಡೆ ಇರುವುದು ಇದರ ಮಕ್ಕಳು, ಮೊಮ್ಮಕ್ಕಳು. ಕರಗಿದ ಗಾಜು ಧಾರೆಯಾಗಿ ಇಳಿಯುತ್ತದೆ, ಕತ್ತರಿ ಅದನ್ನು ತುಂಡು ಮಾಡುತ್ತದೆ, ತುಂಡುಗಳು ಸುರುಳಿ ಗಾಡಿಯ ರೋಲರುಗಳ ಮೇಲೆ ಉರುಳುತ್ತ ದುಂಡಾಗಿ ತಣ್ಣಗಾಗುತ್ತವೆ. ಗೋಲಿ ಎಲ್ಲ ದಿಕ್ಕಿಗೂ ಉರುಳುವುದರಿಂದ ಕತ್ತರಿಸಿದ ಗುರುತು ಬಹುಪಾಲು ಮಾಸಿಹೋಗುತ್ತದೆ. ಯಂತ್ರದ ಗೋಲಿಗೆ ಹೊಕ್ಕಳು ಇಲ್ಲ.

1950ರ ಸುಮಾರಿಗೆ ಜಪಾನಿನವರು ತಿಳಿಗಾಜಿನ ಧಾರೆಯೊಳಗೆ ಬಣ್ಣದ ಗಾಜನ್ನು ಚುಚ್ಚಿ ಬಿಟ್ಟು ಬೆಕ್ಕಿನ ಕಣ್ಣಿನಂಥ ಗೋಲಿ ತಂದರು. ಅದು ಲೋಕವನ್ನೇ ಗೆದ್ದಿತು. ಅಮೆರಿಕದ ಕಂಪನಿಗಳೂ ಅದನ್ನೇ ಮಾಡತೊಡಗಿದವು. ನಾವು, ನಮ್ಮ ಅಣ್ಣಂದಿರು, ಅಪ್ಪಂದಿರು ಕಿರಾಣಿ ಅಂಗಡಿಯ ಭರಣಿಯಿಂದ ಕೊಂಡದ್ದು ಈ ಬೆಕ್ಕಿನ ಕಣ್ಣಿನ ಗೋಲಿಯನ್ನೇ. ಒಳಗೆ ಎಲೆಯಂಥ ಎರಡು ಮೂರು ಬಣ್ಣದ ರೆಕ್ಕೆ, ಹೊರಗೆ ತೆಳು ಹಸಿರು ಛಾಯೆಯ ಗಾಜು. ಫೋಟೊದಲ್ಲಿ ಇದು ‘ಸುರುಳಿ’ಯಂತೆಯೇ ಕಾಣುತ್ತದೆ. ಮೋಸದ ಸಂದೇಶಕ್ಕೆ ಮನೆ ಮನೆಯಿಂದ ಫೋಟೊ ಹೋಗುವುದು ಇದೇ ಕಾರಣಕ್ಕೆ.

ಭದ್ರಾವತಿಯ ಕಡೆ ಇನ್ನೊಂದು ಗೋಲಿ ಇತ್ತು: ಗ್ಯಾರೇಜಿನಿಂದ, ವರ್ಕ್‌ಶಾಪಿನಿಂದ ಮಕ್ಕಳ ಜೇಬಿಗೆ ಬರುತ್ತಿದ್ದ ಬೇರಿಂಗ್ ಗುಂಡು. ಅದು ಹೊಡೆದರೆ ಗಾಜಿನದು ಎರಡು ಹೋಳು. ಹಾಗಾಗಿ ‘ಕಬ್ಬಿಣದ ಗೋಲಿ ಆಟಕ್ಕಿಲ್ಲ’ ಎಂಬುದು ಆಟ ಶುರುವಾಗುವ ಮೊದಲೇ ಆಗುವ ಕರಾರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಗೋಲಿಯ ಕಟ್ಟಳೆಯೂ ಕಬ್ಬಿಣದಿಂದಲೇ ಶುರು.

ಸೋಡಾದ ಗೋಲಿ

ಈಗ ನಮ್ಮ ಅಟ್ಟಗಳಲ್ಲಿ ನಿಜವಾಗಿ ಇರಬಹುದಾದ ಹಳೆಯ ಗೋಲಿಗೆ ಬರೋಣ. ಅದು ಸೋಡಾ ಬಾಟಲಿಯದು.

ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ಬಾಟಲಿಯಲ್ಲಿ ಮುಚ್ಚಳವೇ ಇರಲಿಲ್ಲ. ಕತ್ತಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳಗೆ ರಬ್ಬರಿನ ಉಂಗುರ. ಗ್ಯಾಸಿನ ಒತ್ತಡಕ್ಕೆ ಗೋಲಿ ಮೇಲಕ್ಕೇರಿ ರಬ್ಬರಿಗೆ ಕಚ್ಚಿಕೊಳ್ಳುತ್ತದೆ. ಬೆರಳಿನಿಂದಲೋ ಮರದ ಗುಬುಟಿನಿಂದಲೋ ಒತ್ತಿದರೆ ‘ಟುಸ್’ ಎಂದು ಒಳಗೆ ಬೀಳುತ್ತದೆ. ಕುಡಿಯುವಾಗ ಅಡ್ಡ ಬಾರದಂತೆ ಗೋಲಿಯನ್ನು ಹಿಡಿಯಲು ಕತ್ತಿನಲ್ಲಿ ಎರಡು ತಗ್ಗು. ಗೋಲಿಯನ್ನು ಒಳಗೆ ಹಾಕಿದ ಮೇಲೆಯೇ ಬಾಟಲಿಯ ಬಾಯಿಯನ್ನು ರೂಪಿಸಬೇಕು. ಆದ್ದರಿಂದ ಒಡೆಯದೆ ಗೋಲಿ ಹೊರಗೆ ಬರುವುದಿಲ್ಲ.

1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಬಿರಡೆಗೆ ಪೇಟೆಂಟ್ ಪಡೆದ ಮೇಲೆ ಕಾಡ್ ಬಾಟಲಿ ತನ್ನ ಹುಟ್ಟೂರಿನಲ್ಲೇ ಹಿಂದೆ ಸರಿಯಿತು. ಉಳಿದದ್ದು ಮುಖ್ಯವಾಗಿ ಎರಡು ಕಡೆ: ಜಪಾನಿನಲ್ಲಿ ರಾಮುನೆ ಎಂಬ ಹೆಸರಿನಲ್ಲಿ, ಭಾರತದಲ್ಲಿ ಗೋಲಿ ಸೋಡಾ ಎಂಬ ಹೆಸರಿನಲ್ಲಿ. ನಮ್ಮ ಬಸ್‌ಸ್ಟ್ಯಾಂಡು, ಸಂತೆ, ಜಾತ್ರೆಗಳಲ್ಲಿ ಅದು ಇಲ್ಲದೆ ಬೇಸಿಗೆ ಕಳೆಯುತ್ತಿರಲಿಲ್ಲ. ಬಾಟಲಿ ಒಡೆದರೆ ಅಂಗಡಿಯವನಿಗೆ ನಷ್ಟ, ಮಕ್ಕಳಿಗೆ ಒಂದು ಗೋಲಿ ಲಾಭ.

ಸೋಡಾ ಗೋಲಿಯನ್ನು ಗುರುತಿಸುವುದು ಸುಲಭ. ಒಳಗೆ ಯಾವ ಚಿತ್ತಾರವೂ ಇಲ್ಲ. ಬಣ್ಣ ನೀರುಹಸಿರು ಅಥವಾ ನೀಲಿಹಸಿರು. ಮರಳಿನಲ್ಲಿರುವ ಕಬ್ಬಿಣದ ಅಂಶ ಈ ಬಣ್ಣ ಕೊಡುತ್ತದೆ. ಬಣ್ಣ ಬೇಡವೆಂದರೆ ಗಾಜಿನವರು ಸ್ವಲ್ಪ ಮ್ಯಾಂಗನೀಸ್ ಬೆರೆಸಿ ಹಸಿರನ್ನು ಕೊಲ್ಲುತ್ತಿದ್ದರು. ಅದೇ ಮ್ಯಾಂಗನೀಸ್ ಅದಿರನ್ನು 20ನೇ ಶತಮಾನದ ಮೊದಲ ದಶಕಗಳಲ್ಲಿ ನಮ್ಮ ಕುಂಸಿಯ ಗುಡ್ಡಗಳಿಂದ ತೆಗೆಯುತ್ತಿದ್ದರು. ಅಂಥ ಗಾಜು ವರ್ಷಗಟ್ಟಲೆ ಬಿಸಿಲಿನಲ್ಲಿದ್ದರೆ ತೆಳು ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಇಲ್ಲೊಂದು ಎಚ್ಚರಿಕೆ. ಗೋಲಿ ಸೋಡಾ ಈಗ ಮತ್ತೆ ಬಂದಿದೆ. 2025ರಲ್ಲಿ ಕೇಂದ್ರ ಸರ್ಕಾರದ ಅಪೆಡಾ ಸಂಸ್ಥೆ ಅಮೆರಿಕ, ಯುರೋಪ್, ಕೊಲ್ಲಿ ದೇಶಗಳಿಗೆ ಅದು ರಫ್ತಾಗುತ್ತಿರುವುದನ್ನು ಪ್ರಕಟಿಸಿತು. ಹೊಸ ಬಾಟಲಿಗಳು ಇವೆ, ಅವುಗಳೊಳಗೆ ಹೊಸ ಗೋಲಿಗಳೂ ಇವೆ. ಹಾಗಾಗಿ ‘ಸೋಡಾ ಗೋಲಿ’ ಎಂದ ಮಾತ್ರಕ್ಕೆ ಅದು ಹಳೆಯದಾಗುವುದಿಲ್ಲ.

ಕೈಯಲ್ಲಿ ಹಿಡಿದು ನೋಡುವ ಕ್ರಮ

ಒಂದು ಗೋಲಿ ಎದುರಿಗಿದೆ ಎಂದುಕೊಳ್ಳಿ. ಬೇಕಾದ ಸಾಮಾನು ಮೂರೇ: ಅಕ್ಕಸಾಲಿಗರು ಬಳಸುವ ಹತ್ತುಪಟ್ಟು ದೊಡ್ಡದು ಮಾಡುವ ಮಸೂರ, ನೋಟು ಪರೀಕ್ಷಿಸುವ ಯುವಿ ಟಾರ್ಚು, ಚಿನ್ನ ತೂಗುವ ಚಿಕ್ಕ ತಕ್ಕಡಿ. ಮೊದಲು ಗೋಲಿಯನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಹಳೆಯದಂತೆ ಕಾಣಲಿ ಎಂದು ಬಳಿದ ಕೆಮ್ಮಣ್ಣು, ಟೀ ಡಿಕಾಕ್ಷನ್ ಎಲ್ಲ ಇಲ್ಲಿಯೇ ಬಿಟ್ಟುಹೋಗುತ್ತದೆ. ದಶಕಗಳ ಕೊಳೆ ಸೂಕ್ಷ್ಮ ಬಿರುಕುಗಳ ತಳದಲ್ಲಿ ಕೂತಿರುತ್ತದೆ, ಅಷ್ಟು ಬೇಗ ಹೋಗುವುದಿಲ್ಲ.

ಎರಡನೆಯದು ಹೊಕ್ಕಳು. ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಒಳಗಿನ ಬಣ್ಣದ ಎಳೆಗಳು ಒಂದು ಬಿಂದುವಿನಿಂದ ಹೊರಟು ಎದುರಿನ ಬಿಂದುವಿಗೆ ಸೇರುತ್ತವೆಯೇ ನೋಡಿ. ಕೋಲಿನಿಂದ ಕತ್ತರಿಸಿದ್ದಾದರೆ ಆ ಎರಡು ಬಿಂದುಗಳಲ್ಲಿಯೇ ಗಾಯ ಇರಬೇಕು: ಒರಟು, ಮಡಿಚಿದಂತಿರುವ, ಅಥವಾ ಉಜ್ಜಿ ಚಪ್ಪಟೆ ಮಾಡಿದ ಚಿಕ್ಕ ಗುರುತು. ಎಳೆಗಳು ಮೇಲ್ಮೈಯವರೆಗೆ ಬಂದು ಅಲ್ಲಿ ತುಂಡಾಗಿರುತ್ತವೆ. ಎಳೆ ಒಂದು ಕಡೆ, ಗಾಯ ಇನ್ನೊಂದು ಕಡೆ ಇದ್ದರೆ ಅದು ಆಮೇಲೆ ಯಾರೋ ಅರದಲ್ಲಿ ಉಜ್ಜಿ ಮಾಡಿದ ಸುಳ್ಳು ಹೊಕ್ಕಳು. ಬೆಕ್ಕಿನ ಕಣ್ಣಿನ ಗೋಲಿಯಲ್ಲಿ ಬಣ್ಣದ ರೆಕ್ಕೆಗಳು ಸಾಮಾನ್ಯವಾಗಿ ಗಾಜಿನೊಳಗೇ ಮುಗಿಯುತ್ತವೆ, ಗಾಯ ಇರುವುದಿಲ್ಲ.

ಇಲ್ಲಿಗೆ ‘ಹೊಕ್ಕಳಿದೆ, ಹಾಗಾದರೆ ಹಳೆಯದು’ ಎಂದು ಮುಗಿಸುವಂತಿಲ್ಲ. 1970ರ ದಶಕದ ಕೊನೆಯಿಂದೀಚೆಗೆ ಅಮೆರಿಕದಲ್ಲಿ ಗಾಜಿನ ಕಲಾವಿದರು ಹಳೆಯ ಮಾದರಿಯ ಗೋಲಿಗಳನ್ನು ಮತ್ತೆ ಕೈಯಿಂದ ಮಾಡತೊಡಗಿದರು. ಒಳ್ಳೆಯ ಕಲಾವಿದರು ತಮ್ಮ ಹೆಸರಿನ ಅಕ್ಷರ, ಇಸವಿ ಕೆತ್ತುತ್ತಾರೆ. ಅದು ನಕಲಲ್ಲ, ಹೊಸ ಕಲೆ. ಆ ಕೆತ್ತನೆಯನ್ನು ಉಜ್ಜಿ ಅಳಿಸಿ ‘ಹಳೆಯದು’ ಎಂದು ಮಾರಿದಾಗ ಅದು ಮೋಸವಾಗುತ್ತದೆ. ಚೀನಾ ಮುಂತಾದ ಕಡೆಯಿಂದ ಅಲಂಕಾರಕ್ಕೆಂದು ಬರುವ ಕೈಗೋಲಿಗಳೂ ಇವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಬೆಂಕಿಯಲ್ಲಿ ಕಾಯಿಸಿ ನುಣುಪು ಮಾಡಿದ ಒಂದೇ ಹೊಕ್ಕಳು. ಒಳಗೆ ಬಣ್ಣದ ಗೊಂಬೆ ಇರುವ ಗೋಲಿಯನ್ನು ಕಂಡರೆ ಇನ್ನೂ ಎಚ್ಚರ. ಹಳೆಯ ಗೊಂಬೆಗಳು ಬಹುಪಾಲು ಬೆಳ್ಳಿಯಂತೆ ಹೊಳೆಯುವ ಬಿಳಿ. ಬಣ್ಣ ಹಾಕಿದವು ತೀರಾ ಅಪರೂಪ.

ಮೂರನೆಯದು ಸವಕಲು. ಗೋಲಿ ಗೋಲಿಗೆ ತಾಗಿದಾಗ ಗಾಜಿನೊಳಗೆ ಅರ್ಧಚಂದ್ರದ ಆಕಾರದ ಪುಟ್ಟ ಬಿರುಕು ಮೂಡುತ್ತದೆ. ಮಸೂರದಲ್ಲಿ ಉಗುರಿನ ಗುರುತಿನಂತೆ ಕಾಣುತ್ತದೆ. ನಮ್ಮ ಆಟದಲ್ಲಿ ನಡುಬೆರಳನ್ನು ಬಿಲ್ಲಿನಂತೆ ಹಿಂದಕ್ಕೆಳೆದು ಬಿಡುವುದರಿಂದ ಏಟು ಜೋರು. ಹಾಗಾಗಿ ಆಡಿದ ಗೋಲಿಯ ಮೈತುಂಬ ಈ ಚಂದ್ರಗಳು, ಚಿಕ್ಕ ಚಿಕ್ಕ ಚಕ್ಕೆ ಎದ್ದ ತಗ್ಗುಗಳು, ದಿಕ್ಕುತಪ್ಪಿದ ಗೀರುಗಳು. ಒಂದರ ಮೇಲೊಂದು, ಬೇರೆ ಬೇರೆ ಆಳದಲ್ಲಿ. ಮರಳಿನ ಜೊತೆ ಡಬ್ಬದಲ್ಲಿ ಕುಲುಕಿ ಹಳತು ಮಾಡಿದ ಗೋಲಿಯ ಮೈ ಎಲ್ಲ ಕಡೆ ಒಂದೇ ಸಮನೆ ಮಂಕಾಗಿರುತ್ತದೆ. ಆಡಿ ಸವೆದದ್ದಕ್ಕೂ ಉಜ್ಜಿ ಸವೆಸಿದ್ದಕ್ಕೂ ಇದೇ ವ್ಯತ್ಯಾಸ.

ನಾಲ್ಕನೆಯದು ತೂಕ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಗೋಲಿಯನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ನೀರಿನಲ್ಲಿ ಮುಳುಗಿಸಿ. ತಕ್ಕಡಿ ತೋರಿಸುವ ಗ್ರಾಮು, ಗೋಲಿ ಸರಿಸಿದ ನೀರಿನ ಅಳತೆ. ಗೋಲಿಯ ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿ. ಹಳೆಯ ಗೋಲಿಯ, ಸೋಡಾ ಗೋಲಿಯ, ಬಾಟಲಿಯ ಸಾಮಾನ್ಯ ಗಾಜಿಗೆ ಉತ್ತರ 2.5ರ ಆಸುಪಾಸು ಬರುತ್ತದೆ. ಟಾರ್ಚಿನ ಬೆಂಕಿಯಲ್ಲಿ ಕೆಲಸ ಮಾಡುವ ಇಂದಿನ ಹಲವರು ಬಳಸುವ ಬೋರೋಸಿಲಿಕೇಟ್ ಗಾಜಿಗೆ 2.23. 19ನೇ ಶತಮಾನದ ಕೊನೆಯಲ್ಲಿ ಬಂದ ಆ ಗಾಜು ಲೌಷಾದ ಹಳೆಯ ಗೋಲಿಯಲ್ಲಿ ಇರುವುದಿಲ್ಲ. 20 ಮಿಲಿಮೀಟರಿನ ಗೋಲಿ ಸಾಮಾನ್ಯ ಗಾಜಿನದಾದರೆ ಸುಮಾರು 10.5 ಗ್ರಾಂ, ಬೋರೋಸಿಲಿಕೇಟ್ ಆದರೆ ಸುಮಾರು 9.3 ಗ್ರಾಂ.

ಐದನೆಯದು ಯುವಿ ಬೆಳಕು. ಯುರೇನಿಯಂ ಬೆರೆತ ಗಾಜು ಕತ್ತಲಲ್ಲಿ ಕಣ್ಣು ಕುಕ್ಕುವ ಹಸಿರು ಹೊಳೆಯುತ್ತದೆ, ಮ್ಯಾಂಗನೀಸ್ ಗಾಜು ಮಂದ ಹಸಿರು. ನೋಡಲು ಚೆನ್ನ. ಆದರೆ ಯುರೇನಿಯಂ ಗಾಜನ್ನು ಇಂದಿಗೂ ಮಾಡುತ್ತಾರೆ. ಹೊಳೆದ ಮಾತ್ರಕ್ಕೆ ವಯಸ್ಸು ಗೊತ್ತಾಗುವುದಿಲ್ಲ. ವಿಡಿಯೊಗಳಲ್ಲಿ ಗೋಲಿ ಹೊಳೆಸಿ ತೋರಿಸಿ ‘ಇದೇ ಸಾಕ್ಷಿ’ ಎನ್ನುವುದನ್ನು ನಂಬಬೇಡಿ.

ಈ ಎಲ್ಲದರಲ್ಲಿ ಒಂದು ನ್ಯಾಯ ಇದೆ. ಪರೀಕ್ಷೆಗಳು ಹೊಸದನ್ನು ಹಿಡಿದುಕೊಡುತ್ತವೆ. ಒಂದೇ ಪರೀಕ್ಷೆ ಹಳೆಯದನ್ನು ಸಾಬೀತು ಮಾಡುವುದಿಲ್ಲ. ತೂಕ 2.23 ಬಂದರೆ ಹಳೆಯದಲ್ಲ ಎಂದು ಖಚಿತ; 2.5 ಬಂದರೆ ಮುಂದಿನ ಪರೀಕ್ಷೆಗೆ ಹೋಗಬೇಕು ಅಷ್ಟೆ. ಹೊಕ್ಕಳು, ಎಳೆ, ಸವಕಲು, ತೂಕ ನಾಲ್ಕೂ ಒಂದೇ ಮಾತು ಹೇಳಿದಾಗ ಮಾತ್ರ ನಂಬಿಕೆ. ಮತ್ತೊಂದು ಮಾತು: ಚೆನ್ನಾಗಿ ಕಾಣಲಿ ಎಂದು ಹಳೆಯ ಗೋಲಿಗೆ ಪಾಲಿಶ್ ಹಾಕಿಸಬೇಡಿ. ಹೊಕ್ಕಳೂ ಹೋಗುತ್ತದೆ, ಸವಕಲೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ.

ನವುಲೆಯ ಒಂದು ಡಬ್ಬ

ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕ್ರಿಕೆಟ್ ಮೈದಾನ ಬಂದು ನವುಲೆ ಈಗ ಶಿವಮೊಗ್ಗದ ಬಡಾವಣೆ. ಆದರೆ ಹಳೆಯ ಊರಿನ ಮನೆಗಳಲ್ಲಿ ಅಟ್ಟ ಇನ್ನೂ ಇದೆ. ಅಂಥ ಒಂದು ಮನೆಯ ಹುಡುಗ ನಮ್ಮನ್ನು ಕರೆದ. ಅವನು ಸಂದೇಶಕ್ಕೆ ಫೋಟೊ ಕಳಿಸಿದ್ದ. ಒಬ್ಬ ದಲ್ಲಾಳಿ ಮನೆಗೇ ಬಂದು, ಒಂದು ‘ಮಾದರಿ ಗೋಲಿ’ಯನ್ನು ಎರಡು ದಿನಕ್ಕೆಂದು ಬಿಟ್ಟುಹೋಗಿದ್ದ. ‘ಇದನ್ನು ನೀವೇ ಆರು ಸಾವಿರಕ್ಕೆ ಕೊಂಡಿಡಿ. ನಿಮ್ಮ ಡಬ್ಬದ ಜೊತೆ ಸೇರಿಸಿದರೆ ಬೆಂಗಳೂರಿನ ಪಾರ್ಟಿ ಸೆಟ್ಟಿಗೆ ಒಂದು ಲಕ್ಷ ಕೊಡುತ್ತೆ’ ಎಂಬುದು ಅವನ ಲೆಕ್ಕ. ಹುಡುಗ ಸೆಮಿಸ್ಟರ್ ಫೀಸಿಗೆ ಇಟ್ಟ ದುಡ್ಡಿನಲ್ಲಿ ಕೊಡಲು ಹೊರಟಿದ್ದ.

ಡಬ್ಬವನ್ನು ಜಗಲಿಯ ಚಾಪೆಯ ಮೇಲೆ ಸುರಿದೆವು. ಒಟ್ಟು 61 ಗೋಲಿ. ಅದರಲ್ಲಿ 48 ಬೆಕ್ಕಿನ ಕಣ್ಣಿನವು. ಮೂರು ಒಂದೇ ಬಣ್ಣದ ಹಾಲುಗಾಜಿನವು, ಹೊಕ್ಕಳಿಲ್ಲ. ಒಂದು ಬೇರಿಂಗ್ ಗುಂಡು. ಒಂಬತ್ತು ನೀರುಹಸಿರಿನ ಸೋಡಾ ಗೋಲಿ, ಮೈತುಂಬ ಚಂದ್ರಗಳು. ಜೊತೆಗೆ ನಾಲ್ಕು ಗಜ್ಜುಗದ ಬೀಜ.

ದಲ್ಲಾಳಿಯ ಮಾದರಿ ನೋಡಲು ಸೊಗಸಾಗಿತ್ತು. ತಿಳಿಗಾಜು, ನಡುವೆ ಬಿಳಿ ಬಲೆ, ಸುತ್ತ ಕೆಂಪು ನೀಲಿ ಪಟ್ಟೆ. ಒಂದೇ ಹೊಕ್ಕಳು, ಅದೂ ನುಣುಪು. ಮಸೂರದಲ್ಲಿ ಒಂದೂ ಗೀರು ಕಾಣಲಿಲ್ಲ. ನೂರೈವತ್ತು ವರ್ಷ ಯಾವ ಮಗುವೂ ಮುಟ್ಟದ ಗೋಲಿ ಎಂದು ನಂಬಬೇಕಿತ್ತು. ತೂಗಿದೆವು: 18.3 ಗ್ರಾಂ. ನೀರಿನಲ್ಲಿ 8.2. ಭಾಗಿಸಿದರೆ 2.23. ಅಲ್ಲಿಗೆ ಮುಗಿಯಿತು.

ಹುಡುಗನ ಮುಖ ಸಣ್ಣಗಾಯಿತು. ಒಳಗಿಂದ ಅಜ್ಜಿ ಬಂದರು.

‘ಏನಂತಪ್ಪಾ, ಲಕ್ಷ ಬರಲ್ವಂತಾ?’

‘ಇಲ್ಲ ಅಜ್ಜಿ. ಅವರು ಕೊಟ್ಟಿದ್ದು ಹೊಸದು.’

‘ಆರು ಸಾವಿರ ಉಳೀತಲ್ಲ, ಅದೇ ಬಂದಂಗೆ ಬಿಡಿ,’ ಎಂದು ಅವರು ಚಾಪೆಯ ಮೇಲಿನ ಸೋಡಾ ಗೋಲಿಯೊಂದನ್ನು ಎತ್ತಿಕೊಂಡರು. ‘ಇವು ನಮ್ಮ ಯಜಮಾನ್ರವು. ಭದ್ರಾವತಿಲಿ ಕೆಲಸಕ್ಕಿದ್ದಾಗ ಸೋಡಾ ಅಂಗಡಿ ಮುಂದೆ ಒಡೆದ ಬಾಟ್ಲಿ ಬಿದ್ದಿರೋದು. ಮಕ್ಕಳಿಗೆ ಅಂತ ಆರಿಸ್ಕೊಂಡು ಬರೋರು. ಸಂಬಳದ ದಿನ ಅಲ್ಲ, ತಿಂಗಳ ಕೊನೇಲಿ.’

‘ಯಾವ ವರ್ಷ ಅಜ್ಜಿ?’

‘ವರ್ಷ ಎಲ್ಲಿ ನೆನಪಿರುತ್ತೆ? ದೊಡ್ಡವನು ಇನ್ನೂ ಶಾಲೆಗೆ ಹೋಗ್ತಿರಲಿಲ್ಲ.’

ದೊಡ್ಡ ಮಗನ ಹುಟ್ಟಿದ ಇಸವಿ ರೇಷನ್ ಕಾರ್ಡಿನಲ್ಲಿದೆ. ಲೆಕ್ಕ ಹಾಕಿದರೆ 1960ರ ದಶಕದ ಆರಂಭ. ಆ ಒಂಬತ್ತು ಗೋಲಿಗೆ ಪೇಟೆಯಲ್ಲಿ ಹೆಚ್ಚು ಬೆಲೆ ಇಲ್ಲ. ಆದರೆ ಡಬ್ಬದಲ್ಲಿದ್ದವುಗಳ ಪೈಕಿ ಎಲ್ಲಿಂದ ಬಂತು, ಯಾವಾಗ ಬಂತು, ಯಾರ ಕೈಯಿಂದ ಬಂತು ಎಂದು ಹೇಳಬಲ್ಲವು ಅವು ಮಾತ್ರ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದ ಕಾರ್ಮಿಕನೊಬ್ಬ ಮಕ್ಕಳಿಗೆ ಏನು ತರಬಹುದಿತ್ತು ಎಂಬುದು ಕಾರ್ಖಾನೆಯ ಯಾವ ಕಡತದಲ್ಲೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ನಿಜವಾಗಿಯೂ ಹಳೆಯ ಕೈಗೋಲಿ ಸಿಕ್ಕಿದರೂ ಸಿಕ್ಕವರಿಗೆ ಮಾರುವಂತಿಲ್ಲ. 1972ರ ಪ್ರಾಚೀನ ವಸ್ತು ಮತ್ತು ಕಲಾ ಸಂಪತ್ತು ಕಾಯಿದೆ 1976ರಿಂದ ಜಾರಿಯಲ್ಲಿದೆ. ಕನಿಷ್ಠ ನೂರು ವರ್ಷ ಹಳೆಯದಾದ ಕರಕುಶಲ ವಸ್ತುಗಳೂ ಐತಿಹಾಸಿಕ ಆಸಕ್ತಿಯ ವಸ್ತುಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಹಾಗಾಗಿ ‘ಫಾರಿನ್ ಪಾರ್ಟಿ’ಯ ಮಾತು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ನಿಮ್ಮ ಲೈಸೆನ್ಸ್ ತೋರಿಸಿ’. ಎರಡನೆಯದು ಇನ್ನೂ ಸರಳ: ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಅಡ್ವಾನ್ಸ್, ನೋಂದಣಿ, ಸರ್ಟಿಫಿಕೇಟ್, ಮಾದರಿ ಎಂದು ಯಾವ ಹೆಸರಿನಲ್ಲಿ ನಿಮ್ಮಿಂದ ದುಡ್ಡು ಕೇಳಿದರೂ ಅದು ವ್ಯಾಪಾರವಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಿ, ಹತ್ತಿರದ ಠಾಣೆಗೆ ದೂರು ಕೊಡಿ.

ನಿಮ್ಮ ಮನೆಯಲ್ಲೂ ಇಂಥ ಡಬ್ಬ ಇದ್ದರೆ ನಮ್ಮದೊಂದು ಕೋರಿಕೆ. ಗೋಲಿಗಳನ್ನು ಬಗೆಬಗೆಯಾಗಿ ಬೇರೆ ಮಾಡಿ. ಎರಡು ಹೊಕ್ಕಳಿರುವುದು ಕಂಡರೆ ಹತ್ತಿಯಲ್ಲಿ ಸುತ್ತಿ ಬೇರೆ ಇಡಿ, ಪಾಲಿಶ್ ಬೇಡ. ಆಮೇಲೆ ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಇದು ಯಾರದು, ಎಲ್ಲಿ ಸಿಕ್ಕಿತು, ಆಗ ಯಾವ ಮಗು ಎಷ್ಟು ದೊಡ್ಡದಿತ್ತು, ಊರಿನಲ್ಲಿ ಸೋಡಾ ಅಂಗಡಿ ಎಲ್ಲಿತ್ತು. ಉತ್ತರವನ್ನು ಅವರ ಮಾತಿನಲ್ಲೇ ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಡಬ್ಬದೊಳಗೇ ಇಡಿ. ಗಾಜು ಇನ್ನೂ ನೂರು ವರ್ಷ ಕೆಡುವುದಿಲ್ಲ. ಹೇಳುವವರು ಅಷ್ಟು ಕಾಲ ಇರುವುದಿಲ್ಲ.